ಬಣ್ಣ ಬಿಡಿ, ಹಾರಾಟ ನೋಡಿ: ಹದ್ದು-ಗಿಡುಗಗಳನ್ನು ನಾನು ಗುರುತಿಸಲು ಕಲಿತದ್ದು ಹೀಗೆ

ಹಕ್ಕಿ ನೋಡುವ ಹವ್ಯಾಸದವರಲ್ಲೂ ಎಷ್ಟೋ ಜನ ಬೇಟೆಹಕ್ಕಿ ಎಂದ ತಕ್ಷಣ ಕೈ ಚೆಲ್ಲುತ್ತಾರೆ. ಹಕ್ಕಿ ಎತ್ತರದಲ್ಲಿರುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಬಣ್ಣ ಕಾಣುವುದೇ ಇಲ್ಲ. ಬಣ್ಣ ಕಂಡರೂ ಜಾಸ್ತಿ ಉಪಯೋಗವಿಲ್ಲ. ಜೇನುಗಿಡುಗವನ್ನೇ ನೋಡಿ. ಒಂದು ಕಡುಕಂದು, ಇನ್ನೊಂದು ಹೆಚ್ಚುಕಡಿಮೆ ಬಿಳಿ, ಮತ್ತೊಂದರ ಎದೆ ತುಂಬ ಗೆರೆ. ಮೂರೂ ಒಂದೇ ಜಾತಿ. ಹಾಗಾಗಿ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಹಕ್ಕಿ ಹೇಗೆ ಹಾರುತ್ತಿದೆ ಎಂಬುದನ್ನು.

ಕಲಿಕೆ ಶುರುವಾಗಿದ್ದು ಕಾಡಿನಲ್ಲಲ್ಲ, ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ. ಊರ ಹದ್ದು ದಿನವೂ ಸಿಗುತ್ತದೆ, ಅಲ್ವಾ? ದುರ್ಬೀನು ಬದಿಗಿಟ್ಟು ಬರಿಗಣ್ಣಿನಿಂದಲೇ ಅದನ್ನು ನೋಡುತ್ತಿದ್ದೆ. ಗಾಳಿ ಬದಲಾದಂತೆ ಅದು ಬಾಲವನ್ನು ಎಡಕ್ಕೆ ಬಲಕ್ಕೆ ತಿರುಚುತ್ತಲೇ ಇರುತ್ತದೆ. ಬಾಲದ ತುದಿ ಕವಲು. ಆದರೆ ಬಾಲವನ್ನು ಪೂರ್ತಿ ಬಿಚ್ಚಿದಾಗ ಆ ಕವಲು ಮಾಯವಾಗಿ ತುದಿ ನೇರವಾಗಿ ಕಾಣುತ್ತದೆ. ಅದಕ್ಕೇ ಒಂದು ಸುತ್ತು ಪೂರ್ತಿ ಹಾಕುವ ತನಕ ಕಾಯಬೇಕು. ಗರುಡನ ಬಾಲ ದುಂಡಗೆ. ಬೆಳೆದ ಗರುಡನನ್ನು ಯಾರಾದರೂ ಗುರುತಿಸುತ್ತಾರೆ: ಇಟ್ಟಿಗೆಗೆಂಪು ಮೈ, ಬಿಳಿ ತಲೆ. ಆದರೆ ಎಳೆಯ ಗರುಡ ಕಂದು ಬಣ್ಣದ್ದು. ಕೆರೆಯ ಮೇಲೆ ಹದ್ದುಗಳ ಜೊತೆ ಸುತ್ತುತ್ತಿದ್ದರೆ ಬಾಲವೇ ಗತಿ.

ಊರ ಹದ್ದು ಕಣ್ಣಿಗೆ ಗಟ್ಟಿಯಾದ ಮೇಲೆ ಉಳಿದ ಹಕ್ಕಿಗಳೆಲ್ಲ ಸುಲಭವಾದವು. ಹೊಸದೊಂದು ಕಂಡರೆ ಮೂರೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹದ್ದಿಗಿಂತ ದೊಡ್ಡದೋ ಚಿಕ್ಕದೋ? ತೇಲುವಾಗ ರೆಕ್ಕೆ ಸಮತಟ್ಟಾಗಿದೆಯೋ ಮೇಲಕ್ಕೆ ಎತ್ತಿದೆಯೋ? ತಲೆ ಎಷ್ಟು ಮುಂದೆ ಚಾಚಿದೆ? ಜೇನುಗಿಡುಗ ಸಿಕ್ಕಿಬೀಳುವುದು ಈ ಮೂರನೇ ಪ್ರಶ್ನೆಯಲ್ಲಿ. ಅಗಲ ರೆಕ್ಕೆ, ಉದ್ದ ಕುತ್ತಿಗೆ, ಅದರ ತುದಿಗೆ ಪುಟ್ಟ ತಲೆ. ಬಣ್ಣ ಏನೇ ಇರಲಿ, ಆ ಆಕಾರ ಬದಲಾಗುವುದಿಲ್ಲ.

ಬಯಲಲ್ಲಿ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುವ ಹಕ್ಕಿ ಕಂಡರೆ ನನಗೆ ಖುಷಿ, ಯಾಕೆಂದರೆ ಪಟ್ಟಿ ತಕ್ಷಣ ಚಿಕ್ಕದಾಗುತ್ತದೆ. ಬೂದು-ಬಿಳಿ ಮೈ, ಭುಜದ ಮೇಲೆ ಕಪ್ಪು ಇದ್ದರೆ ರಾಮದಾಸ ಹದ್ದು. ತಂತಿಯ ಮೇಲೆ ಕೂತಾಗ ಬಾಲ ಮೇಲೆ ಕೆಳಗೆ ಆಡಿಸುತ್ತದೆ. ಚೂಪು ರೆಕ್ಕೆ, ಉದ್ದ ಬಾಲ, ಬೆನ್ನು ಕೆಂಗಂದು ಆಗಿದ್ದರೆ ಚಾಣ, ಅಂದರೆ ಕೆಸ್ಟ್ರೆಲ್. ರೆಕ್ಕೆ ಬಿಚ್ಚಿದರೆ ಐದಡಿಗೂ ಮೀರುವ ದೊಡ್ಡ ಹಕ್ಕಿಯೊಂದು ಹಾಗೆ ನಿಂತಿದ್ದರೆ ಅದು ಹಾವು ತಿನ್ನುವ ಶಾರ್ಟ್-ಟೋಡ್ ಸ್ನೇಕ್ ಈಗಲ್. ಅಷ್ಟು ಭಾರದ ಮೈಯನ್ನು ಗಾಳಿಯಲ್ಲಿ ಹಾಗೆ ಹಿಡಿದು ನಿಲ್ಲಿಸುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಬಿಜ್ಜು, ಅಂದರೆ ಶಿಕ್ರಾ, ತೋಟಗಳ ಹಕ್ಕಿ. ಅದನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಅಳಿಲು ಒಂದೇ ಸಮನೆ ಕೂಗತೊಡಗಿದರೆ, ಹರಟೆಮಲ್ಲಗಳು ಗಲಾಟೆ ಎಬ್ಬಿಸಿದರೆ ಮರದೊಳಗೆ ನೋಡಿ. ನಾಲ್ಕು ಬಾರಿ ರೆಕ್ಕೆ ಬಡಿದು ಒಂದಿಷ್ಟು ದೂರ ತೇಲುವುದು ಅದರ ಹಾರಾಟ. ಕೋಗಿಲೆ ಬಳಗದ ಬ್ರೈನ್‌ಫೀವರ್ ಹಕ್ಕಿಯೂ ನೋಡಲು, ಹಾರಲು ಬಿಜ್ಜಿನ ಹಾಗೇ ಇದೆ. ಕೂತಾಗ ಕೊಕ್ಕು ನೋಡಿದರೆ ಮುಗಿಯಿತು. ಬಿಜ್ಜಿನದು ಕೊಕ್ಕೆ, ಇದರದು ಕೊಕ್ಕೆಯಲ್ಲ.

ಹೊತ್ತಿನ ಬಗ್ಗೆ ಒಂದು ಮಾತು. ಎಲ್ಲರೂ ನಸುಕಿನಲ್ಲೇ ಏಳಿ ಎನ್ನುತ್ತಾರೆ. ತೇಲುವ ಹಕ್ಕಿಗಳಿಗೆ ಅದು ಬೇಕಿಲ್ಲ. ನೆಲ ಕಾಯ್ದು ಬಿಸಿಗಾಳಿ ಮೇಲೇಳಬೇಕು, ಆಗಲೇ ಅವು ರೆಕ್ಕೆ ಬಡಿಯದೆ ಏರುತ್ತವೆ. ಸಾಮಾನ್ಯವಾಗಿ ಒಂಬತ್ತರಿಂದ ಹನ್ನೊಂದು ಗಂಟೆ ಒಳ್ಳೆಯ ಹೊತ್ತು. ಆಮೇಲೆ ಅವು ಕಣ್ಣಿಗೆ ಸಿಗದಷ್ಟು ಎತ್ತರಕ್ಕೆ ಹೋಗಿಬಿಡುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲೂ ಇದೇ ಲೆಕ್ಕ. ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅದನ್ನು ಧಾಮ ಎಂದು ಘೋಷಿಸಿದರು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಒಳಹೊಕ್ಕು, ದೇಶದ ರಣಹದ್ದುಗಳನ್ನು ಬಹುಪಾಲು ಕೊಂದೇಬಿಟ್ಟಿತು. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಬೆಟ್ಟದ ಬಂಡೆಗಳನ್ನು ನೋಡಿದಾಗಲೆಲ್ಲ ನನಗೆ ಆ ಔಷಧಿಯ ನೆನಪಾಗಿ ಸಿಟ್ಟು ಬರುತ್ತದೆ.

ಆದರೆ ನನ್ನ ಮನಸ್ಸು ಕೊನೆಗೆ ನಿಂತದ್ದು ಬಯಲಿನ ಬೇಟೆಹಕ್ಕಿಗಳಾದ ಹ್ಯಾರಿಯರ್‌ಗಳ ಮೇಲೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶವಿದೆ. ಚಳಿಗಾಲದಲ್ಲಿ ಮೊಂಟಾಗು, ಪ್ಯಾಲಿಡ್ ಎಂಬ ಎರಡು ಜಾತಿಯ ಹ್ಯಾರಿಯರ್‌ಗಳು ಮಧ್ಯ ಏಷ್ಯಾದ ಕಡೆಯಿಂದ ಅಲ್ಲಿಗೆ ಬರುತ್ತವೆ. ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿದು, ಹುಲ್ಲಿನ ತುದಿಗೆ ತಾಗುವಷ್ಟು ಕೆಳಗೆ, ಬಿದ್ದ ಕಾಸು ಹುಡುಕುವವರ ಹಾಗೆ ತಲೆ ಬಗ್ಗಿಸಿ ಹಾರುತ್ತವೆ. ಮಿಡತೆ, ಇಲಿ, ಸಣ್ಣ ಹಕ್ಕಿ ಅವುಗಳ ಊಟ. ಗಂಡುಗಳು ಸುಲಭ: ಬೂದು ರೆಕ್ಕೆಯ ಮೇಲೆ ಅಡ್ಡ ಕಪ್ಪು ಪಟ್ಟೆ ಇದ್ದರೆ ಮೊಂಟಾಗು, ಹೆಚ್ಚುಕಡಿಮೆ ಬಿಳಿ ಮೈಗೆ ರೆಕ್ಕೆತುದಿಯಲ್ಲಿ ಮಾತ್ರ ಕಿರಿದಾದ ಕಪ್ಪು ಇದ್ದರೆ ಪ್ಯಾಲಿಡ್. ಹೆಣ್ಣುಗಳು ಎರಡೂ ಕಂದು, ಎರಡಕ್ಕೂ ಬಾಲದ ಬುಡದಲ್ಲಿ ಬಿಳಿ. ಪ್ಯಾಲಿಡ್ ಹೆಣ್ಣಿನ ಕೆನ್ನೆಯ ಹಿಂದೆ ಕತ್ತಿನ ಸುತ್ತ ತಿಳಿ ಬಣ್ಣದ ಪಟ್ಟಿ ಇರುತ್ತದೆ, ಅದು ಹತ್ತಿರದಿಂದ ಮಾತ್ರ ಕಾಣುತ್ತದೆ. ಕಾಣದಿದ್ದರೆ ನಾನು ಊಹೆ ಮಾಡುವುದಿಲ್ಲ. "ಹ್ಯಾರಿಯರ್, ಹೆಣ್ಣು ಅಥವಾ ಎಳೆಯದು" ಎಂದಷ್ಟೇ ಬರೆಯುತ್ತೇನೆ.

ಬರೆಯುವುದಂತೂ ಬಿಡಬಾರದು. ಹುಲ್ಲುಗಾವಲನ್ನು ಪಾಳುಭೂಮಿ ಎಂದು ಕರೆಯುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಒಳ್ಳೆಯ ಮನಸ್ಸಿನ ಜನರೇ ಅಲ್ಲಿ ಗಿಡ ನೆಡಲು ಹೊರಡುತ್ತಾರೆ. ಹ್ಯಾರಿಯರ್ ರಾತ್ರಿ ಮಲಗುವುದು ಮರದಲ್ಲಲ್ಲ, ನೆಲದಲ್ಲಿ, ಹುಲ್ಲಿನ ನಡುವೆ, ಗುಂಪಾಗಿ. ಮರ ಬಂದರೆ ಅವುಗಳ ಮನೆ ಹೋಯಿತು. ಇಂಥ ದಿನ ಇಷ್ಟು ಹಕ್ಕಿ ಇಳಿದವು ಎಂಬ ಲೆಕ್ಕ ಕೈಯಲ್ಲಿದ್ದರೆ ಆ ಮಾತಿಗೆ ತೂಕ ಬರುತ್ತದೆ.

ಈ ಎಣಿಕೆಗೆ ನಾವು ಸೂರ್ಯ ಮುಳುಗುವ ಮುಂಚೆಯೇ ದೂರದ ಬದುವಿನ ಮೇಲೆ ಕೂತುಬಿಡುತ್ತೇವೆ. ಹುಲ್ಲೊಳಗೆ ಕಾಲಿಡುವುದಿಲ್ಲ, ಟಾರ್ಚ್ ಹಾಕುವುದಿಲ್ಲ, ನಾಯಿ ಕರೆದೊಯ್ಯುವುದಿಲ್ಲ. ಒಬ್ಬರು ಇಳಿಯುವವನ್ನು ಎಣಿಸಿದರೆ ಇನ್ನೊಬ್ಬರು ಮತ್ತೆ ಎದ್ದು ಹಾರಿದವನ್ನು ಕಳೆಯುತ್ತಾರೆ. ನಿಮ್ಮೂರ ಬಯಲಿನಲ್ಲೂ ಚಳಿಗಾಲದ ಸಂಜೆ ಹೀಗೆ ಕೂತು ನೋಡಿ. ಹ್ಯಾರಿಯರ್ ಕಂಡರೆ ತಾರೀಖು, ಹೊತ್ತು, ಸಂಖ್ಯೆ ಮೂರನ್ನೂ ಅಲ್ಲೇ ಬರೆದುಕೊಳ್ಳಿ.