ಮುರಿದ ಬಾಳೆಹಣ್ಣನ್ನು ಜೋಡಿಸಿಕೊಡು

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಅವಳ ಹಠ ಹೆಚ್ಚಾಗಿ ಏಳುವುದು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೊರಡಬೇಕಾದ ಹೊತ್ತಿನಲ್ಲಿ. ಆಟದಿಂದ ಸ್ನಾನಕ್ಕೆ, ಮನೆಯಿಂದ ಶಾಲೆಗೆ, ಉದ್ಯಾನದಿಂದ ಮನೆಗೆ. ಸ್ನಾನ ಬೇಡವೆಂದು ಅತ್ತವಳೇ ಸ್ನಾನ ಮುಗಿಯಿತೆಂದಾಗಲೂ ಅಷ್ಟೇ ಜೋರಾಗಿ ಅಳುತ್ತಾಳೆ. ಇದು ಕಣ್ಣಿಗೆ ಬಿದ್ದ ಮೇಲೆ, ಅವಳ ಸ್ವಭಾವವನ್ನು ತಿದ್ದುವ ಯೋಚನೆಗಿಂತ ಆ ಹೊತ್ತುಗಳನ್ನು ದಾಟಿಸುವ ದಾರಿಯ ಕಡೆಗೆ ನನ್ನ ಗಮನ ಹೋಯಿತು.

ಮೊದಲು ಕೈಬಿಟ್ಟದ್ದು ‘ಇನ್ನು ಐದು ನಿಮಿಷ’ ಎಂಬ ಮಾತನ್ನು. ಅವಳ ಪಾಲಿಗೆ ಕಳೆದುಹೋದದ್ದೆಲ್ಲ ನಿನ್ನೆ, ಬರಬೇಕಾದದ್ದೆಲ್ಲ ನಾಳೆ. ‘ನಿನ್ನೆ ನಾನು ಪಾಪು ಆಗಿದ್ದೆ, ನಾಳೆ ದೊಡ್ಡವಳಾಗಿ ನಿನ್ನನ್ನು ಎತ್ತಿಕೊಳ್ಳುತ್ತೇನೆ’ ಎನ್ನುವ ಮಗುವಿಗೆ ಐದು ನಿಮಿಷ ಎಂದರೆ ಏನು ಅರ್ಥವಾದೀತು? ಆದ್ದರಿಂದ ಸಮಯವನ್ನು ಅವಳು ಎಣಿಸಬಲ್ಲ ಕೆಲಸಗಳಲ್ಲಿ ಹೇಳುತ್ತೇನೆ. ‘ಇನ್ನು ಮೂರು ಸಲ ಜಾರು, ಆಮೇಲೆ ಮನೆಗೆ.’ ಅವಳು ಒಂದು, ಎರಡು, ಎರಡು, ಎರಡು ಎಂದು ಎಣಿಸುತ್ತಾಳೆ. ಒಂದೆರಡು ಜಾರಾಟ ಹೆಚ್ಚಾದರೆ ನನಗೇನೂ ನಷ್ಟವಿಲ್ಲ. ಕೊನೆಯ ಸಲ ಎಂದು ತಾನೇ ಹೇಳಿ ಇಳಿದು ಬಂದವಳನ್ನು ಎಳೆದುಕೊಂಡು ಬರುವ ಪ್ರಮೇಯವಿರುವುದಿಲ್ಲ. ಮನೆಯೊಳಗಾದರೆ ಅಡುಗೆಮನೆಯ ಟೈಮರ್ ಇಡುತ್ತೇನೆ, ಗುಂಡಿಯನ್ನು ಅವಳೇ ಒತ್ತುತ್ತಾಳೆ. ಅದು ಕೂಗಿದಾಗ ಬೈಸಿಕೊಳ್ಳುವುದು ಟೈಮರ್, ನಾನಲ್ಲ.

‘ಸ್ನಾನ ಮಾಡೋಣವೇ?’ ಎಂದು ಕೇಳುವುದಿಲ್ಲ. ಕೇಳಿದ ಮೇಲೆ ‘ಬೇಡ’ ಎನ್ನುವ ಹಕ್ಕು ಅವಳಿಗಿರುತ್ತದೆ. ‘ಸ್ನಾನದ ಹೊತ್ತಾಯಿತು. ಮೊಲದ ಹಾಗೆ ಬರುತ್ತೀಯಾ, ಆನೆಯ ಹಾಗೆ ಬರುತ್ತೀಯಾ?’ ಎನ್ನುತ್ತೇನೆ. ಸಾಮಾನ್ಯವಾಗಿ ಉತ್ತರ ಮೂರನೆಯದೇ ಆಗಿರುತ್ತದೆ: ಹಾವಿನ ಹಾಗೆ. ನೆಲವನ್ನೆಲ್ಲ ಹೊಟ್ಟೆಯಿಂದ ಒರೆಸುತ್ತ ಬಂದರೂ ಬಂದಂತೆಯೇ. ಕಾಲುಚೀಲ ಕೆಂಪೋ ನೀಲಿಯೋ ಎಂದರೆ ಒಂದೊಂದು ಕಾಲಿಗೆ ಒಂದೊಂದು. ಅದಕ್ಕೂ ನನ್ನ ಒಪ್ಪಿಗೆಯಿದೆ. ರಸ್ತೆಯಲ್ಲಿ ಕೈ ಹಿಡಿಯುವುದು, ಹಲ್ಲುಜ್ಜುವುದು, ಇನ್ನೊಬ್ಬರಿಗೆ ಹೊಡೆಯದಿರುವುದು, ಇವುಗಳಲ್ಲಿ ಮಾತ್ರ ಚೌಕಾಸಿ ಇಲ್ಲ. ಬಿಗಿ ಹಿಡಿಯುವ ಸಂಗತಿಗಳು ಕಡಿಮೆಯಿದ್ದಷ್ಟೂ ಅವುಗಳಿಗೆ ಬೆಲೆ ಹೆಚ್ಚು ಎಂಬುದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಬಾಳೆಹಣ್ಣಿನ ವಿಷಯ. ಸುಲಿಯುವಾಗ ಹಣ್ಣು ಮುರಿದರೆ ನಮ್ಮ ಮನೆಯಲ್ಲಿ ದೊಡ್ಡ ರಂಪ. ‘ಜೋಡಿಸಿಕೊಡು ಅಪ್ಪಾ!’ ಎರಡು ತುಂಡು ಸೇರಿದರೆ ಅಷ್ಟೇ ಹಣ್ಣಲ್ಲವೇ ಎಂಬ ತರ್ಕ ಅಲ್ಲಿ ನಡೆಯುವುದಿಲ್ಲ. ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇದಕ್ಕೆ ಹತ್ತಿರದ ಸಂಗತಿಯೊಂದನ್ನು ಲೋಟದ ನೀರಿನಿಂದ ತೋರಿಸಿಕೊಟ್ಟಿದ್ದರು. ಅಗಲ ಲೋಟದ ನೀರನ್ನು ಕಣ್ಣೆದುರೇ ತೆಳ್ಳನೆಯ ಎತ್ತರದ ಲೋಟಕ್ಕೆ ಸುರಿದರೂ, ಈ ವಯಸ್ಸಿನ ಹೆಚ್ಚಿನ ಮಕ್ಕಳು ಎತ್ತರದ ಲೋಟದಲ್ಲೇ ನೀರು ಹೆಚ್ಚು ಎನ್ನುತ್ತಾರೆ. ನಾನೂ ಮನೆಯಲ್ಲಿ ಸುರಿದು ತೋರಿಸಿದೆ. ಎತ್ತರದ ಲೋಟವನ್ನು ಎರಡೂ ಕೈಯಲ್ಲಿ ಬಾಚಿಕೊಂಡು ‘ಇದು ನನಗೆ’ ಎಂದಳು. ಆಕಾರ ಬದಲಾದರೆ ವಸ್ತುವೇ ಬದಲಾಯಿತೆಂದು ಕಾಣುವ ಮಗುವಿಗೆ ಹಣ್ಣು ಮುರಿದದ್ದು ನಿಜವಾದ ನಷ್ಟ. ಆಗ ವಿವರಣೆ ಕೊಡುವುದಿಲ್ಲ. ‘ಇಡೀ ಹಣ್ಣು ಬೇಕಿತ್ತು, ಮುರಿದುಹೋಯಿತು, ಬೇಸರವಾಯಿತು ಅಲ್ಲವೇ’ ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂರುತ್ತೇನೆ. ಅಳು ನಿಲ್ಲಿಸಲೆಂದು ಇನ್ನೊಂದು ಹಣ್ಣು ತಂದುಕೊಡುವುದಿಲ್ಲ. ಅಳು ಇಳಿದ ಮೇಲೆ ಎರಡೂ ತುಂಡುಗಳನ್ನು ತಿಂದು ಇನ್ನೊಂದು ಕೇಳಿದರೆ ಸಂತೋಷದಿಂದ ಕೊಡುತ್ತೇನೆ. ಈಗ ತೊಟ್ಟನ್ನಷ್ಟೇ ಬಿಡಿಸಿ ಅವಳ ಕೈಗೆ ಕೊಡುತ್ತೇನೆ. ತಾನೇ ಮುರಿದುಕೊಂಡ ಹಣ್ಣಿಗೆ ಅಷ್ಟು ದೊಡ್ಡ ದುಃಖವಿಲ್ಲ.

ಯಾಕೆ, ಯಾಕೆ ಎಂಬ ಪ್ರಶ್ನೆಗಳ ಸಾಲು ದಣಿಸುತ್ತದೆ, ನಿಜ. ಒಂದಕ್ಕೆ ಉತ್ತರಿಸಿ, ಎರಡನೆಯದಕ್ಕೆ ‘ನಿನಗೇನನ್ನಿಸುತ್ತದೆ?’ ಎಂದು ಕೇಳುವುದು ನನ್ನ ರೂಢಿ. ಚಂದ್ರ ನಮ್ಮ ಹಿಂದೆಯೇ ಯಾಕೆ ಬರುತ್ತಾನೆ ಎಂದು ಕೇಳಿದವಳೇ ಉತ್ತರವನ್ನೂ ಕೊಟ್ಟಳು: ‘ಪಾಪ, ಅವನಿಗೆ ದಾರಿ ಗೊತ್ತಿಲ್ಲ.’ ಅಂದಿನಿಂದ ರಾತ್ರಿ ಹೊರಗೆ ಹೋದಾಗಲೆಲ್ಲ ಚಂದ್ರನಿಗೆ ತಿರುವುಗಳನ್ನು ಕೂಗಿ ಹೇಳುವುದು ನಮ್ಮಿಬ್ಬರ ಜವಾಬ್ದಾರಿ.

ಸಂಜೆಯ ರಂಪಕ್ಕೆ ಕಾರಣ ಹುಡುಕುವ ಮೊದಲು ಹಸಿವು ಮತ್ತು ನಿದ್ದೆಯನ್ನು ವಿಚಾರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಮೂರು–ನಾಲ್ಕು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಕುಳಿತು ಪರದೆ ನೋಡುವುದು 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ತಡವಾಗಿ ಮಲಗಿದ ಮರುದಿನ ನಮ್ಮ ಮನೆಯಲ್ಲಿ ಪೆನ್ಸಿಲ್ ಉರುಳಿದರೂ ಕಣ್ಣೀರು.

ಆದರೆ ಮಲಗಿಸುವುದೇ ದಿನದ ಅತಿ ಕಷ್ಟದ ದಾಟು. ದೀಪ ಆರಿಸಿದ ಮೇಲೆ ಬಾಯಾರಿಕೆ, ಆಮೇಲೆ ಮೂತ್ರ, ಆಮೇಲೆ ‘ಮೀನಿಗೆ ರೆಪ್ಪೆ ಇದೆಯಾ?’ ಎಂಬ ತುರ್ತು ಪ್ರಶ್ನೆ. ಮಕ್ಕಳ ಮನೋವಿಜ್ಞಾನದಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಮಲಗುವ ಮುನ್ನ ಮಗುವಿನ ಕೈಗೆ ಒಂದು ಕಾರ್ಡ್ ಕೊಡಬೇಕು. ಅದನ್ನು ಒಪ್ಪಿಸಿ ಒಂದು ಸಲ ಮಾತ್ರ ಎದ್ದು ಬರಬಹುದು ಅಥವಾ ಏನಾದರೂ ಕೇಳಬಹುದು. ನಮ್ಮ ಕಾರ್ಡಿನ ಮೇಲೆ ಅವಳೇ ಒಂದು ಮೀನು ಬರೆದಳು, ರೆಪ್ಪೆಯ ಸಮೇತ. ಮೊದಲ ರಾತ್ರಿಗಳಲ್ಲಿ ದೀಪ ಆರುವ ಮುಂಚೆಯೇ ಕಾರ್ಡ್ ಖರ್ಚಾಗುತ್ತಿತ್ತು, ಅಳುವೂ ಬರುತ್ತಿತ್ತು. ನಾನು ಮತ್ತು ನನ್ನ ಹೆಂಡತಿ ಇಬ್ಬರೂ ಒಂದೇ ಮಾತಿಗೆ ನಿಂತೆವು. ಯಾರಿಗೆ ಸಿಟ್ಟು ಬರುತ್ತದೋ ಅವರು ಹೊರಗೆ, ಇನ್ನೊಬ್ಬರು ಒಳಗೆ. ನಿಧಾನವಾಗಿ ಅವಳಿಗೆ ಕಾರ್ಡನ್ನು ಉಳಿಸುವ ಆಸೆ ಹುಟ್ಟಿತು. ಈಗ ದಿಂಬಿನ ಕೆಳಗೆ ಬಚ್ಚಿಟ್ಟು ಮಲಗುತ್ತಾಳೆ, ಬೆಳಿಗ್ಗೆ ನಾವು ಕಣ್ಣು ಬಿಡುವ ಮೊದಲೇ ಮುಖಕ್ಕೆ ಹಿಡಿದು ‘ಇದು ಉಳಿದಿದೆ, ಈಗ ನೀರು ಕೊಡು’ ಎನ್ನುತ್ತಾಳೆ. ರಾತ್ರಿಯ ಕಾರ್ಡ್ ಬೆಳಿಗ್ಗೆಯೂ ನಡೆಯುತ್ತದೆ ಎಂದು ನಿಯಮಕ್ಕೆ ಸೇರಿಸಿದ್ದೇವೆ.