ಕೆರೆ ನೋಡಿ ದಾರ ಆರಿಸಿ: ಹೊಸೆದ ಲೀಡರ್ ಬಗ್ಗೆ ನನ್ನ ಅನುಭವ

ಫರ್ಲ್ಡ್ ಲೀಡರ್, ಅಂದರೆ ಫ್ಲೈ ಫಿಶಿಂಗಿನಲ್ಲಿ ಲೈನಿಗೂ ಗಾಳಕ್ಕೂ ನಡುವೆ ಕಟ್ಟುವ ಹೊಸೆದ ದಾರ, ಆರಿಸುವಾಗ ನಾನು ಮೊದಲು ನೋಡುವುದು ಅದು ಯಾವ ದಾರದ್ದು ಅಂತ. ಉದ್ದ, ಬೆಲೆ, ಬಣ್ಣ ಎಲ್ಲ ಆಮೇಲೆ.

ಹೊಸಬರಿಗೆ ಎರಡು ಮಾತು. ಫ್ಲೈ ಫಿಶಿಂಗಿನಲ್ಲಿ ಗಾಳಕ್ಕೆ ಭಾರವೇ ಇರುವುದಿಲ್ಲ. ಗರಿ, ನೂಲು ಸುತ್ತಿ ಹುಳದ ಹಾಗೆ ಕಟ್ಟಿದ ಪುಟ್ಟ ಗಾಳ ಅದು. ಭಾರ ಇರುವುದು ದಪ್ಪ ಲೈನಿಗೆ. ಬೀಸಿದಾಗ ಆ ಲೈನಿನ ವೇಗ ಗಾಳದ ತನಕ ಸಲೀಸಾಗಿ ಹೋಗಬೇಕು. ಅದಕ್ಕೇ ಎರಡರ ನಡುವೆ ಬುಡ ದಪ್ಪ, ತುದಿ ಸಣ್ಣ ಇರುವ ಲೀಡರ್ ಕಟ್ಟುತ್ತೇವೆ. ಸಾಮಾನ್ಯವಾಗಿ ಇದು ಒಂಟಿ ಎಳೆಯ ನೈಲಾನ್. ಫರ್ಲ್ಡ್ ಲೀಡರ್ ಹಾಗಲ್ಲ. ಸಣ್ಣ ದಾರದ ಹಲವು ಎಳೆ ಸೇರಿಸಿ ಹೊಸೆದದ್ದು. ನೈಲಾನ್ ಇಲ್ಲದ ಕಾಲದಲ್ಲಿ ಕುದುರೆ ಬಾಲದ ಕೂದಲನ್ನು ಹೀಗೇ ಹೊಸೆಯುತ್ತಿದ್ದರು.

ನಾನು ಗಾಳ ಹಾಕುವುದು ಪಾಂಡವಪುರ, ಮಂಡ್ಯ ಕಡೆಯ ಕೆರೆಗಳಲ್ಲಿ, ಅದೂ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಕೊಂಡು. ಕಾವೇರಿಯ ವನ್ಯಧಾಮದ ಕಡೆ ಹೋಗುವುದಿಲ್ಲ. ಅಲ್ಲಿನ ಬಿಳಿ ಮೀನು, ಅಂದರೆ ಗೂನುಬೆನ್ನಿನ ಮಹಸೀರ್, 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿದೆ. ಅದನ್ನು ಅದರ ಪಾಡಿಗೆ ಬಿಡಬೇಕು.

ಕೆರೆಯಲ್ಲಿ ನನಗೆ ಸಿಗುವುದು ಹೆಚ್ಚಾಗಿ ಜಿಲೇಬಿ ಮೀನು, ಪಕ್ಕೆ, ಆಗೊಮ್ಮೆ ಈಗೊಮ್ಮೆ ಗೆಂಡೆ. ಜಿಲೇಬಿ ಗಾಳವನ್ನು ಬಾಯಿಗೆ ಎಳೆದುಕೊಂಡು ಕ್ಷಣದಲ್ಲೇ ಉಗಿದುಬಿಡುತ್ತದೆ. ಆಗ ಲೀಡರಿನ ತುದಿ ಸ್ವಲ್ಪವೇ ಅಲುಗುತ್ತದೆ, ಅಷ್ಟೇ. ರೀಲಿನಲ್ಲಿ ಸುತ್ತಿಟ್ಟ ನೈಲಾನ್ ನೀರಿನ ಮೇಲೂ ಸುರುಳಿಯಾಗಿಯೇ ಬಿದ್ದಿರುತ್ತದೆ. ಮೀನು ಎಳೆದದ್ದೆಲ್ಲ ಆ ಸುರುಳಿ ಬಿಚ್ಚುವುದರಲ್ಲೇ ಮುಗಿದುಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಹೊಸೆದ ಲೀಡರಿಗೆ ಸುರುಳಿಯ ಚಟ ಇಲ್ಲ. ನೆಟ್ಟಗೆ, ಮೆತ್ತಗೆ ಮಲಗುತ್ತದೆ. ನಾನು ಇದಕ್ಕೆ ಅಂಟಿಕೊಂಡಿರುವುದು ಇದೊಂದೇ ಕಾರಣಕ್ಕೆ.

ಈಗ ದಾರದ ವಿಷಯ. ನೂಲಿನಂಥ ದಾರದ್ದು, ಅಂದರೆ ಪಾಲಿಯೆಸ್ಟರ್ ಅಥವಾ ರೇಷ್ಮೆಯದು, ಎಲ್ಲಕ್ಕಿಂತ ಮೆತ್ತಗಿರುತ್ತದೆ. ಗಾಳ ನೀರಿನ ಮೇಲೆ ತೇಲಬೇಕಾದಾಗ ಇದೇ ಸರಿ. ಆದರೆ ಇದು ನೀರು ಕುಡಿಯುತ್ತದೆ. ಬೀಸಿದಾಗ ಆ ನೀರು ತುಂತುರಾಗಿ ಉದುರುತ್ತದೆ. ಅಲೆಯಿಲ್ಲದ ಬೆಳಗಿನ ಕೆರೆಯಲ್ಲಿ ಅಷ್ಟು ಸಾಕು, ಮೀನು ಚದುರಲು. ಅದಕ್ಕೆ ತೇಲಿಸುವ ಪೇಸ್ಟನ್ನು ಒಣ ಲೀಡರಿಗೇ ಬೆರಳಲ್ಲಿ ತಿಕ್ಕಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ ಹೊರಡುತ್ತೇನೆ. ನೈಲಾನ್ ಎಳೆಯಿಂದ ಹೊಸೆದದ್ದು ಅಷ್ಟು ನೀರು ಹಿಡಿಯುವುದಿಲ್ಲ, ಕೊಂಚ ಬಿರುಸು. ಆಷಾಢದ ಗಾಳಿಗೆ ನಾನು ಅದನ್ನೇ ಕಟ್ಟುತ್ತೇನೆ, 5 ಅಡಿಯದು. ಫ್ಲೋರೋಕಾರ್ಬನ್, ಅಂದರೆ ನೈಲಾನಿಗಿಂತ ಭಾರದ ಪ್ಲಾಸ್ಟಿಕ್ ಎಳೆಯದು, ಮುಳುಗುತ್ತದೆ. ಗೆಂಡೆಗೆ ಗಾಳವನ್ನು ತಳಕ್ಕೆ ಬಿಡುವಾಗ ಮಾತ್ರ ಅದು ಬೇಕು.

ಮೈಸೂರಿನಲ್ಲಿದ್ದು ರೇಷ್ಮೆ ಬಿಡೋದು ಹೇಗೆ, ಅಲ್ವಾ? ನಾನೇ ಹೊಸೆಯುವುದು ರೇಷ್ಮೆಯಲ್ಲೇ. ಕಸೂತಿ ದಾರದ ಅಂಗಡಿಯಲ್ಲಿ ಕೊಳ್ಳುವಾಗ ದಾರವನ್ನು ಬೆಳಕಿಗೆ ಹಿಡಿದು ನೋಡಿ. ಮೈಮೇಲೆ ನವಿರು ಎದ್ದಿದ್ದರೆ ಬೇಡ, ಆ ನವಿರಿಗೆ ಪಾಚಿ ಹತ್ತುತ್ತದೆ. ನುಣುಪಾಗಿ ಹೊಳೆಯುವ ಉದ್ದ ಎಳೆಯದೇ ಬೇಕು. ಹಲಗೆಯ ಮೇಲೆ ಎರಡು ಸಾಲು ಗೂಟ ಹೊಡೆದಿದ್ದೇನೆ. ಅವುಗಳಿಗೆ ದಾರ ಸುತ್ತುವಾಗ ಬುಡದ ಕಡೆ ಹೆಚ್ಚು ಎಳೆ, ಗೂಟ ದಾಟಿದ ಹಾಗೆ ಕಡಿಮೆ. ತುದಿ ಸಣ್ಣಗಾಗುವುದು ಹೀಗೆ. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಮುಂದಿನದು ಗೊತ್ತೇ ಇದೆ. ಎರಡೂ ಸಾಲಿನ ದಾರಕ್ಕೆ ಡ್ರಿಲ್ಲಿನಿಂದ ಒಂದೇ ಕಡೆಗೆ ಹುರಿ ಕೊಡಬೇಕು. ದಾರ ಎಲ್ಲೂ ಸಡಿಲ ಬೀಳಬಾರದು, ಬಿದ್ದರೆ ಅಲ್ಲೇ ಗಂಟು. ಆಮೇಲೆ ಎರಡನ್ನೂ ಜೋಡಿಸಿ, ಕೆಳಗೆ ಸಣ್ಣ ತೂಕ ಕಟ್ಟಿ ಬಿಟ್ಟರೆ ಅವು ಎದುರು ದಿಕ್ಕಿಗೆ ಒಂದನ್ನೊಂದು ಸುತ್ತಿಕೊಳ್ಳುತ್ತವೆ. ಒಂದರ ಹುರಿ ಇನ್ನೊಂದನ್ನು ಬಿಚ್ಚಲು ಬಿಡುವುದಿಲ್ಲ. 7 ಅಡಿ ಹಾಕಿದರೆ ಕುಗ್ಗಿ ಸುಮಾರು 6 ಅಡಿ ಸಿಗುತ್ತದೆ. ಒದ್ದೆ ಮಾಡಿ ತೂಕದ ಜೊತೆ ಒಂದು ರಾತ್ರಿ ತೂಗಹಾಕಿದರೆ ಹುರಿ ಕೂರುತ್ತದೆ. ರೇಷ್ಮೆಯನ್ನು ಒದ್ದೆಯಾಗಿ ಡಬ್ಬಿಗೆ ಹಾಕಬೇಡಿ, ಕೊಳೆಯುತ್ತದೆ.

ತುದಿಗೆ 2 ಮಿಲಿಮೀಟರಿನ ಪುಟ್ಟ ಉಂಗುರ ಹಾಕಿ, ಅದಕ್ಕೆ 3 ಅಡಿ ಟಿಪ್ಪೆಟ್, ಅಂದರೆ ಗಾಳ ಕಟ್ಟುವ ಸಣ್ಣ ಒಂಟಿ ಎಳೆ, ಕಟ್ಟುತ್ತೇನೆ. ಗಾಳ ಎಷ್ಟು ಸಲ ಬದಲಾಯಿಸಿದರೂ ಸವೆಯುವುದು ಟಿಪ್ಪೆಟ್ಟೇ, ಲೀಡರ್ ಅಲ್ಲ. ಟಿಪ್ಪೆಟ್ ದಪ್ಪದ ಲೆಕ್ಕ ಸುಲಭ. 11ರಲ್ಲಿ ಟಿಪ್ಪೆಟ್ ಸುರುಳಿಯ ಮೇಲೆ ಬರೆದಿರುವ ಎಕ್ಸ್ ಸಂಖ್ಯೆ ಕಳೆದರೆ ಇಂಚಿನ ಸಾವಿರದ ಎಷ್ಟು ಭಾಗ ಅಂತ ಸಿಗುತ್ತದೆ. 5ಎಕ್ಸ್ ಅಂದರೆ ಸಾವಿರದ 6 ಭಾಗ, ಸುಮಾರು 0.15 ಮಿಲಿಮೀಟರ್. ಜಿಲೇಬಿಗೆ 4ಎಕ್ಸ್ ಅಥವಾ 5ಎಕ್ಸ್ ಸಾಕು. ಲೀಡರಿಗಿಂತ ಟಿಪ್ಪೆಟ್ ಯಾವಾಗಲೂ ಬಲ ಕಡಿಮೆಯದೇ ಇರಲಿ.

ಜೊಂಡು, ತಾವರೆ ನಡುವೆ ಕೊರವ ಮೀನಿಗೆ ಮಾತ್ರ ಇದು ಬೇಡವೇ ಬೇಡ. ಅಲ್ಲಿ ಮೀನನ್ನು ಹಿಡಿದ ತಕ್ಷಣ ಜಗ್ಗಿ ಹೊರಗೆ ತರಬೇಕು, ಹೊಸೆದ ಲೀಡರ್ ರಬ್ಬರಿನಂತೆ ಹಿಗ್ಗುತ್ತದೆ. ದಪ್ಪ ನೈಲಾನೇ ಸರಿ.

ಗಾಳ ಗಿಡಕ್ಕೆ ಸಿಕ್ಕಿದಾಗಲೂ ರಾಡಿನಿಂದ ಎಳೆಯಬಾರದು. ಟಿಪ್ಪೆಟ್ಟನ್ನೇ ಕೈಯಲ್ಲಿ ಹಿಡಿದು ಕಿತ್ತುಕೊಳ್ಳಿ. ರಾಡಿನಿಂದ ಎಳೆದು ಟಿಪ್ಪೆಟ್ ಕಿತ್ತರೆ ಲೀಡರ್ ಹಿಂದಕ್ಕೆ ಚಿಮ್ಮಿ ಮುರುಟಿಕೊಳ್ಳುತ್ತದೆ. ಹಾಗಾದರೆ ಎಸೆಯಬೇಡಿ. ಉಂಗುರ ಹಿಡಿದು ತೂಗಾಡಲು ಬಿಡಿ, ಅದು ತಾನಾಗಿ ತಿರುಗಿ ನಿಲ್ಲಲಿ. ಆಮೇಲೆ ಒದ್ದೆ ಬೆರಳಲ್ಲಿ ಬುಡದಿಂದ ತುದಿಗೆ ನಿಧಾನವಾಗಿ ನೀವಿ. ಬಹಳಷ್ಟು ಸಲ ಸರಿಹೋಗುತ್ತದೆ.