ಕತ್ತಿ ಎತ್ತುವುದು ಇಲ್ಲಿ, ಇಳಿಸುವುದು ಅಲ್ಲಿ: ಮ್ಯಾಚ್ ಕಟ್ ಮಾಡೋದು ಹೇಗೆ?

ವಿರಾಜಪೇಟೆಯಲ್ಲಿ ನನ್ನ ಎಡಿಟಿಂಗ್ ರೂಮು ಅಂದ್ರೆ ಮನೆ ಹಿಂದಿನ ಹಳೆ ಕಾಫಿ ಗೋಡೌನಿನ ಒಂದು ಮೂಲೆ. ಮದುವೆ ವಿಡಿಯೊಗಳೇ ಜಾಸ್ತಿ, ನಡುವೆ ಯಾವುದಾದರೂ ಹೋಂಸ್ಟೇಯ ಚಿಕ್ಕ ಫಿಲ್ಮು. ಎರಡು ವರ್ಷದ ಹಿಂದೆ ಒಂದು ಕೊಡವ ಮದುವೆಯ ವಿಡಿಯೊದಲ್ಲಿ ನನಗೆ ಭಾರೀ ಹೆಮ್ಮೆ ತಂದ ಮ್ಯಾಚ್ ಕಟ್ ಒಂದಿತ್ತು. ಮ್ಯಾಚ್ ಕಟ್ ಅಂದ್ರೆ ಒಂದು ಶಾಟಿನ ಚಲನೆ, ಆಕಾರ ಇಲ್ಲವೇ ಸದ್ದು ಮುಂದಿನ ಶಾಟಿನದಕ್ಕೆ ಹೊಂದುವ ಹಾಗೆ ಎರಡನ್ನೂ ಜೋಡಿಸುವುದು. ಮದುಮಗನ ಸೋದರಮಾವ ಕುಪ್ಯ ತೊಟ್ಟು, ಬಾಳೆ ಕಡಿಯಲು ಕತ್ತಿ ಎತ್ತುತ್ತಾರೆ. ಅದು ಇಳಿಯುವಷ್ಟರಲ್ಲಿ ಜಾಗ ಬದಲು. ಅದೇ ಮಾವ ಹರಿದ ಅಂಗಿಯಲ್ಲಿ, ತೋಟದಲ್ಲಿ ಮರಕಸಿ ಮಾಡುತ್ತಾ ಕೊಂಬೆಗೆ ಕತ್ತಿ ಹಾಕುತ್ತಾರೆ.

ಮನೆಯವರೆಲ್ಲ ಕೂತು ನೋಡಿದರು. ಅಜ್ಜ ಮಾತ್ರ ಕೇಳಿದರು: "ಇವನು ಯಾವಾಗ ಎಡಗೈಯವನಾದ? ಸೊಂಟದ ಪೀಚೆಕತ್ತಿ ಯಾಕೆ ಆ ಕಡೆ ಹೋಯ್ತು?"

ಆಗಿದ್ದು ಇಷ್ಟೆ. ಮದುವೆಯಲ್ಲಿ ಕತ್ತಿ ಸ್ಕ್ರೀನಿನ ಬಲದಿಂದ ಎಡಕ್ಕೆ ಬೀಳುತ್ತಿತ್ತು. ತೋಟದಲ್ಲಿ ನಾನು ಅವರ ಇನ್ನೊಂದು ಬದಿಗೆ ನಿಂತು ತೆಗೆದಿದ್ದೆ, ಅಲ್ಲಿ ಎಡದಿಂದ ಬಲಕ್ಕೆ ಬಿತ್ತು. ಸೇರಿಸಿದರೆ ಕತ್ತಿ ಗೋಡೆಗೆ ಬಡಿದ ಚೆಂಡಿನ ಹಾಗೆ ವಾಪಸ್ ಹಾರಿತು. ಸೋಮಾರಿತನಕ್ಕೆ ಮದುವೆ ಶಾಟನ್ನೇ ಫ್ಲಿಪ್ ಮಾಡಿದೆ. ಕನ್ನಡಿಯಲ್ಲಿ ಎಲ್ಲರೂ ಎಡಗೈಯವರೇ, ಅಲ್ವಾ? ಮರುದಿನ ಮಾವನ ಕೈಕಾಲು ಹಿಡಿದು ತೋಟದ ಶಾಟನ್ನು ಮತ್ತೆ ತೆಗೆದೆ, ಈ ಸಲ ಸರಿಯಾದ ಬದಿಗೆ ನಿಂತು. ಹಾಗಾಗಿ ಮೊದಲು ಹೇಳಿಬಿಡುತ್ತೇನೆ: ಮ್ಯಾಚ್ ಕಟ್ಟಿನ ಮುಕ್ಕಾಲು ಕೆಲಸ ಕ್ಯಾಮೆರಾ ಹಿಡಿದಾಗಲೇ ಮುಗಿದಿರಬೇಕು. ಮೊದಲನೇ ಶಾಟ್ ತೆಗೆದ ಮೇಲೆ ಅದರ ಒಂದು ಫೋಟೊ ಫೋನಲ್ಲಿ ಇಟ್ಟುಕೊಳ್ಳಿ. ಎರಡನೇ ಜಾಗಕ್ಕೆ ಹೋದಾಗ ಅದನ್ನು ನೋಡಿ ನಿಲ್ಲಿ. ಅದೇ ಲೆನ್ಸ್, ಅದೇ ಎತ್ತರ, ಅದೇ ದಿಕ್ಕು.

ಈಗ ಟೈಮ್‌ಲೈನಿಗೆ, ಅಂದ್ರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ, ಬರೋಣ. ಕತ್ತಿ ಮೇಲಿಂದ ಹೊರಟ ಮೇಲೆ, ತಾಗುವ ಮೊದಲು ಕಟ್ ಮಾಡಬೇಕು. ತಾಗಿದ ಮೇಲೆ ಮಾಡಿದರೆ ಕೆಲಸ ಮುಗಿದಿರುತ್ತದೆ, ಕಣ್ಣು ಆರಾಮಾಗಿ ಕೂತು ನಿಮ್ಮ ಕಟ್ಟನ್ನು ಎಣಿಸುತ್ತದೆ. ಕತ್ತಿ ಅರ್ಧ ದಾರಿಯಲ್ಲಿದ್ದರೆ ಕಣ್ಣು ಅದರ ಹಿಂದೆಯೇ ಓಡುತ್ತಿರುತ್ತದೆ. ಎರಡನೇ ಕ್ಲಿಪ್ ಅದೇ ಅರ್ಧ ದಾರಿಯಿಂದ, ಬೇಕಾದರೆ ಎರಡು ಮೂರು ಫ್ರೇಮ್ ಹಿಂದಿನಿಂದ ಶುರುವಾಗಲಿ. ನಾವು ಸೆಕೆಂಡಿಗೆ 25 ಫ್ರೇಮ್ ಇಟ್ಟರೆ ಒಂದು ಫ್ರೇಮ್ ಅಂದ್ರೆ ಸೆಕೆಂಡಿನ 25ನೇ ಒಂದು ಪಾಲು. ಅಷ್ಟು ಸಣ್ಣ ಪುನರಾವರ್ತನೆ ಯಾರಿಗೂ ಕಾಣುವುದಿಲ್ಲ, ಬದಲಿಗೆ ನಯವಾಗಿಯೇ ಕಾಣುತ್ತದೆ. ವೇಗವೂ ಒಂದೇ ಇರಬೇಕು. ಮಾವ ತೋಟದಲ್ಲಿ ನಿಧಾನಕ್ಕೆ ಕಡಿಯುತ್ತಿದ್ದರು, ಆ ಕ್ಲಿಪ್ಪಿನ ವೇಗ ಶೇಕಡಾ ನೂರರಿಂದ 120ಕ್ಕೆ ಏರಿಸಿದೆ.

ಇನ್ನೊಂದು ನನ್ನದೇ ಹಳ್ಳಿ ಉಪಾಯ. ಮೊದಲನೇ ಶಾಟಿನ ಕೊನೆ ಫ್ರೇಮಿನಲ್ಲಿ ನೋಡುವವರ ಕಣ್ಣು ಎಲ್ಲಿದೆಯೋ ಅಲ್ಲಿ ಮಾನಿಟರ್ ಮೇಲೆ ಒಂದು ಬೊಟ್ಟು ಅಂಟಿಸುತ್ತೇನೆ. ಹೌದು, ಹಣೆಗೆ ಇಡುವ ಸ್ಟಿಕರ್ ಬೊಟ್ಟೇ. ಮುಂದಿನ ಶಾಟಿನ ಮುಖ್ಯ ವಸ್ತು ಆ ಬೊಟ್ಟಿನ ಕೆಳಗೆ ಬರಬೇಕು.

ಆಕಾರ ಹೊಂದಿಸುವುದಾದರೆ, ಉದಾಹರಣೆಗೆ ಕಾಫಿ ಲೋಟದ ಬಾಯಿಯಿಂದ ಹುತ್ತರಿ ಹುಣ್ಣಿಮೆಯ ಚಂದ್ರನಿಗೆ, ಎರಡನೇ ಕ್ಲಿಪ್ಪನ್ನು ಮೊದಲನೆಯದರ ಮೇಲಿನ ಟ್ರ್ಯಾಕಿಗೆ ಹಾಕಿ ಒಪ್ಯಾಸಿಟಿ, ಅಂದ್ರೆ ಚಿತ್ರದ ಗಾಢತೆ, ಶೇಕಡಾ 50ಕ್ಕೆ ಇಳಿಸಿ. ಎರಡೂ ವೃತ್ತ ಒಟ್ಟಿಗೆ ಕಾಣುತ್ತವೆ. ಜರುಗಿಸಿ, ಹಿಗ್ಗಿಸಿ, ಕೂರಿಸಿ, ಆಮೇಲೆ ಒಪ್ಯಾಸಿಟಿ ವಾಪಸ್ ನೂರಕ್ಕೆ. ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ ಅಂತ ಹೆದರಿಕೆಯಿದ್ದರೆ 4ಕೆಯಲ್ಲಿ ತೆಗೆದು 1080ರ ಟೈಮ್‌ಲೈನಿನಲ್ಲಿ ಕೆಲಸ ಮಾಡಿ. ಎರಡು ಪಟ್ಟಿನವರೆಗೂ ಜಾಗ ಸಿಗುತ್ತದೆ. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಇಷ್ಟೂ ಆಗುತ್ತದೆ. ಮಳೆಗಾಲದಲ್ಲಾದರೆ ಐದೈದು ನಿಮಿಷಕ್ಕೆ ಸೇವ್ ಒತ್ತಿ, ನಮ್ಮ ಕರೆಂಟಿನ ಕಥೆ ಗೊತ್ತಲ್ಲ.

ಆದರೆ ದುಂಡಗಿದೆ ಅಂತ ದುಂಡಗಿನದಕ್ಕೆ ಸುಮ್ನೆ ಅಂಟಿಸಬೇಡಿ. 1962ರ 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ಉರಿಯುವ ಕಡ್ಡಿಯನ್ನು ಊದಿದ ಕೂಡಲೇ ಮರುಭೂಮಿಯ ಸೂರ್ಯೋದಯ ಬರುತ್ತದೆ. ಸ್ಕ್ರಿಪ್ಟಿನಲ್ಲಿ ಅಲ್ಲಿ ಡಿಸಾಲ್ವ್, ಅಂದ್ರೆ ಒಂದು ಚಿತ್ರ ಇನ್ನೊಂದರೊಳಗೆ ನಿಧಾನಕ್ಕೆ ಕರಗುವುದು, ಬರೆದಿದ್ದರು. ಎಡಿಟರ್ ಆನ್ ಕೋಟ್ಸ್ ಮತ್ತು ನಿರ್ದೇಶಕ ಡೇವಿಡ್ ಲೀನ್ ನೇರ ಕಟ್ಟನ್ನೇ ಉಳಿಸಿಕೊಂಡರು. ಆಕಾರ ಅಲ್ಲಿ ಅಂಥಾ ಹೊಂದುವುದೇ ಇಲ್ಲ. ಹೊಂದುವುದು ಬೆಂಕಿ ಮತ್ತು ಬಿಸಿಲು.

ನನಗೆ ಎಲ್ಲಕ್ಕಿಂತ ಇಷ್ಟ ಸದ್ದಿನ ಮ್ಯಾಚು. ಹೋದ ಜನವರಿಯಲ್ಲಿ ಪಾಲಿಬೆಟ್ಟದ ಹತ್ತಿರದ ಒಬ್ಬ ಬೆಳೆಗಾರರ ಮೇಲೆ ಆರು ನಿಮಿಷದ ಫಿಲ್ಮ್ ಮಾಡಿದೆ. ಕಣದಲ್ಲಿ ಒಣಗಿದ ಚೆರಿ ಕಾಫಿಯನ್ನು ಚೀಲದಿಂದ ಸುರಿಯುವ ಸದ್ದು, ಶೀಟಿನ ಮೇಲೆ ಮಳೆ ಬೀಳುವ ಸದ್ದು, ಕಣ್ಣು ಮುಚ್ಚಿ ಕೇಳಿದರೆ ಅಕ್ಕತಂಗಿಯರ ಹಾಗಿವೆ. ಕೊಯ್ಲಿನ ಹೊತ್ತಿಗೆ ಬರುವ ಅಕಾಲದ ಮಳೆ ಏನು ಮಾಡುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಕಣದ ಕಾಫಿಗೆ ಬೂಸ್ಟು ಹಿಡಿಯುತ್ತದೆ, ಗಿಡದಲ್ಲಿದ್ದದ್ದು ಉದುರುತ್ತದೆ.

ಮಾಡಿದ್ದು ಹೀಗೆ. ಚೀಲದಿಂದ ಕಾಫಿ ಸುರಿಯುತ್ತಿರುವ ಕ್ಲೋಸಪ್. ಚಿತ್ರ ಬದಲಾಗುವ 12 ಫ್ರೇಮ್ ಮೊದಲೇ ಮಳೆಯ ಸದ್ದು ಕೆಳಗಿಂದ ಏರುತ್ತದೆ. ಕಾಫಿಯ ಸದ್ದು ಕಟ್ ಆಗುವುದಿಲ್ಲ, ಮುಂದಿನ ಶಾಟಿನೊಳಗೆ ಒಂದು ಸೆಕೆಂಡು ಉಳಿದು ಮಾಯವಾಗುತ್ತದೆ. ಚಿತ್ರದಲ್ಲಿ ಈಗ ಶೀಟಿನ ಅಂಚಿನಿಂದ ಇಳಿಯುವ ನೀರು, ಚೀಲದಿಂದ ಕಾಫಿ ಬಿದ್ದ ಜಾಗದಲ್ಲೇ. ಮಳೆಯನ್ನು ಬೇರೆಯಾಗಿ, ಗೋಡೌನಿನ ಒಳಗೆ ಫೋನಿಟ್ಟು ರೆಕಾರ್ಡ್ ಮಾಡಿದ್ದೆ. ಕ್ಯಾಮೆರಾದ ಮೈಕಿನಲ್ಲಿ ಬಂದದ್ದು ಬರೀ ಭುಸ್ ಅಂತಿತ್ತು.

ಬೆಳೆಗಾರರಿಗೆ ತೋರಿಸಿದೆ. ಅವರು ಕಟ್ಟನ್ನು ಗಮನಿಸಲೇ ಇಲ್ಲ. "ಅಯ್ಯೋ, ಟಾರ್ಪಾಲ್ ಎಲ್ಲಿ?" ಅಂದರು.

ಎಷ್ಟು ಬಳಸಬೇಕು? ಆ ಆರು ನಿಮಿಷದ ಫಿಲ್ಮಿನ ಮೊದಲ ಆವೃತ್ತಿಯಲ್ಲಿ ಒಂಬತ್ತು ಮ್ಯಾಚುಗಳಿದ್ದವು. ಬಾಗಿಲಿಂದ ಬಾಗಿಲಿಗೆ, ಜೀಪಿನ ಚಕ್ರದಿಂದ ಬೀಸುವ ಕಲ್ಲಿಗೆ, ಏನೇನೋ. ಮೂರನೆಯದಕ್ಕೇ ಗೆಳತಿ ಮುಂದಿನದನ್ನು ಊಹಿಸತೊಡಗಿದಳು, ಫಿಲ್ಮ್ ಒಗಟಾಯಿತು. ಏಳನ್ನು ತೆಗೆದುಹಾಕಿದೆ. ಚೀಲ-ಮಳೆ ಉಳಿಯಿತು. ಇನ್ನೊಂದು ಉಳಿದದ್ದು ಬಿಳಿ ಕಾಫಿ ಹೂವಿನಿಂದ ಬೆಳೆಗಾರರ ಹೆಂಡತಿ ಒಣಹಾಕುವ ಬಿಳಿ ಪಂಚೆಗೆ. ಅದಕ್ಕೆ ಅರ್ಥ ಏನೂ ಇಲ್ಲ, ಚೆಂದ ಇತ್ತು ಅಷ್ಟೆ.